ಗೇಮ್ ಕನ್ಸೋಲ್‌ಗೆ ಲ್ಯಾನ್ ಕೇಬಲ್ಲಾ, ವೈಫೈಯಾ? ಪ್ಲಾನ್ ಅಪ್‌ಗ್ರೇಡ್ ಮಾಡೋಕೆ ಮುಂಚೆ ಇಷ್ಟು ನೋಡಿ

ಮನೆಗೆ ಪ್ಲೇಸ್ಟೇಷನ್ನೋ ಎಕ್ಸ್‌ಬಾಕ್ಸೋ ಬಂದು ವಾರ ಆಗೋಷ್ಟರಲ್ಲಿ ಶುರುವಾಗೋ ಕಂಪ್ಲೇಂಟ್ ಒಂದೇ, ಲ್ಯಾಗ್. ಪಾಸ್ ಕೊಡೋಕೆ ಬಟನ್ ಒತ್ತಿ ಆಗಿರತ್ತೆ, ಸ್ಕ್ರೀನಲ್ಲಿ ಆಟಗಾರ ಅಲ್ಲೇ ನಿಂತಿರ್ತಾನೆ, ಬಾಲ್ ಆಗ್ಲೇ ಎದುರಾಳಿ ಕಾಲಿಗೆ ಹೋಗಿರತ್ತೆ. ಆಗ ಎಲ್ರೂ ಮೊದ್ಲು ಕೈ ಹಾಕೋದು ಇಂಟರ್ನೆಟ್ ಪ್ಲಾನ್‌ಗೆ, 100 ಎಂಬಿಪಿಎಸ್ ಇದ್ದಿದ್ದನ್ನ 300 ಮಾಡಿಸ್ತಾರೆ, ತಿಂಗಳ ಬಿಲ್ ಏರತ್ತೆ, ಲ್ಯಾಗ್ ಮಾತ್ರ ಹಾಗೇ ಇರತ್ತೆ. ಯಾಕಂದ್ರೆ ಬಹಳಷ್ಟು ಮನೆಗಳಲ್ಲಿ ತೊಂದ್ರೆ ಇರೋದು ರೂಟರ್‌ನಿಂದ ಟಿವಿ ಕೆಳಗಿರೋ ಕನ್ಸೋಲ್ ತನಕದ ಆ ಇಪ್ಪತ್ತು ಮೂವತ್ತು ಅಡಿ ದೂರದಲ್ಲಿ.

ಒಂದು ವಿಷ್ಯ ಮೊದ್ಲೇ ಹೇಳಿಬಿಡ್ತೀನಿ, ಆನ್‌ಲೈನ್ ಆಟ ಆಡೋಕೆ ಸ್ಪೀಡ್ ಜಾಸ್ತಿ ಬೇಕಾಗಲ್ಲ. ಆಡ್ತಿರೋವಾಗ ಹೋಗಿ ಬರೋ ಡೇಟಾ ಒಂದು ಯೂಟ್ಯೂಬ್ ವಿಡಿಯೋಗಿಂತ ಎಷ್ಟೋ ಕಮ್ಮಿ. ಬೇಕಾಗಿರೋದು ಆ ಡೇಟಾದ ಸಣ್ಣ ಸಣ್ಣ ತುಂಡುಗಳು, ಅಂದ್ರೆ ಪ್ಯಾಕೆಟ್‌ಗಳು, ತಪ್ಪದೆ, ಒಂದೇ ಸಮನಾಗಿ ತಲುಪೋದು. ಸೆಕೆಂಡಿಗೆ 60 ಫ್ರೇಮ್ ಓಡೋ ಆಟದಲ್ಲಿ ಒಂದು ಫ್ರೇಮ್‌ಗೆ ಸಿಗೋ ಟೈಮ್ ಸುಮಾರು 16.7 ಮಿಲಿಸೆಕೆಂಡ್, ಹಾಗಾಗಿ ಒಂದು ಪ್ಯಾಕೆಟ್ 80 ಮಿಲಿಸೆಕೆಂಡ್ ತಡವಾದ್ರೂ ನಾಲ್ಕೈದು ಫ್ರೇಮ್ ಹೊರಟೋಯ್ತು ಅಂತ ಲೆಕ್ಕ. ಸ್ಪೀಡ್ ಲೆಕ್ಕಕ್ಕೆ ಬರೋದು ಗೇಮ್ ಡೌನ್‌ಲೋಡ್ ಮಾಡೋವಾಗ. 100 ಜಿಬಿ ಗೇಮ್ 100 ಎಂಬಿಪಿಎಸ್ ಪೂರ್ತಿ ಸಿಕ್ರೆ ಎರಡೂಕಾಲು ಗಂಟೇಲಿ ಇಳಿಯತ್ತೆ, ಅದೇ ವೈಫೈಲಿ 40 ಸಿಕ್ರೆ ಐದೂವರೆ ಗಂಟೆ ದಾಟತ್ತೆ.

ವೈಫೈ ಒಂದೇ ಗಾಡಿ ಹಿಡಿಸೋ ಸೇತುವೆ ಥರ, ಒಂದು ಚಾನಲ್‌ನಲ್ಲಿ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದು ಡಿವೈಸ್ ಮಾತ್ರ ಕಳಿಸ್ಬೋದು, ಉಳಿದವು ಕಾಯ್ಬೇಕು. ಅಪ್ಪನ ಫೋನು, ಅಮ್ಮನ ಸೀರಿಯಲ್, ಅಕ್ಕನ ಆಫೀಸ್ ಲ್ಯಾಪ್‌ಟಾಪು, ಪಕ್ಕದ ಫ್ಲಾಟಿನವರ ರೂಟರ್ ಎಲ್ಲಾ ಅದೇ ಗಾಳೀಲಿ ಸರದಿಗೆ ನಿಂತಿರ್ತಾವೆ, ಇಬ್ರು ಒಟ್ಟಿಗೆ ಕಳಿಸಿದ್ರೆ ಎರಡೂ ಕೆಟ್ಟು ಮತ್ತೆ ಕಳಿಸ್ಬೇಕಾಗತ್ತೆ. ಲ್ಯಾನ್ ಕೇಬಲ್ ನಿಮ್ಮ ಕನ್ಸೋಲ್‌ಗೆ ಅಂತಲೇ ಇರೋ ದಾರಿ, ಅದರಲ್ಲಿ ಹೋಗೋದೂ ಬರೋದೂ ಒಟ್ಟಿಗೇ ನಡೆಯತ್ತೆ.

ಮೊದಲು ಅಳೆದು ನೋಡಿ

ದುಡ್ಡು ಖರ್ಚು ಮಾಡೋಕೆ ಮುಂಚೆ ಲ್ಯಾಪ್‌ಟಾಪ್ ತಗೊಂಡು ಕನ್ಸೋಲ್ ಪಕ್ಕದಲ್ಲೇ ಕೂತ್ಕೊಳ್ಳಿ, ವೈಫೈಗೆ ಕನೆಕ್ಟ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆಗೆದು ರೂಟರ್‌ನ ಅಡ್ರೆಸ್‌ಗೆ ಪಿಂಗ್ ಕೊಡಿ, ಅಂದ್ರೆ ping ಅಂತ ಬರೆದು ಆ ಅಡ್ರೆಸ್ ಹಾಕಿ, ನಿಲ್ಲದೆ ಓಡೋಕೆ ಕೊನೇಲಿ -t ಸೇರಿಸಿ ಎಂಟರ್ ಒತ್ತಿ, ಒಂದು ಪ್ಯಾಕೆಟ್ ಹೋಗಿ ಬರೋಕೆ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ತೋರಿಸತ್ತೆ. ಆ ಅಡ್ರೆಸ್ ಸಾಮಾನ್ಯವಾಗಿ 192.168.1.1 ಇರತ್ತೆ, ಇಲ್ಲಾಂದ್ರೆ ರೂಟರ್ ಹಿಂದಿನ ಸ್ಟಿಕ್ಕರ್‌ನಲ್ಲಿ ಸಿಗತ್ತೆ. ಸಾಯಂಕಾಲ ಎಂಟರಿಂದ ಹತ್ತರೊಳಗೆ, ಮನೆಮಂದಿಯೆಲ್ಲಾ ಫೋನ್ ಹಿಡ್ಕೊಂಡಿರೋ ಟೈಮಲ್ಲೇ ಮಾಡಿ, ಐದು ನಿಮಿಷ ಓಡಲಿ. ಚೆನ್ನಾಗಿರೋ ವೈಫೈಲಿ 2, 3, 2, 4 ಅಂತ ನಂಬರ್ ಬರ್ತಾ ಹೋಗತ್ತೆ. ಕೆಟ್ಟದಾಗಿದ್ರೆ 3, 5, 4, ಇದ್ದಕ್ಕಿದ್ದಂಗೆ 96, ಮತ್ತೆ 4, ಆಮೇಲೆ ಟೈಮ್ಡ್ ಔಟ್, ಅಂದ್ರೆ ಉತ್ತರವೇ ಬರಲಿಲ್ಲ ಅಂತ ಒಂದು ಸಾಲು. ಆ 96 ನಿಮ್ಮ ಮನೆ ಒಳಗೇ ಹುಟ್ಟಿರೋದು, ಪ್ಯಾಕೆಟ್ ಇನ್ನೂ ಬೀದಿಗೇ ಇಳಿದಿಲ್ಲ, ಪ್ಲಾನ್ ಬದಲಾಯಿಸಿದ್ರೆ ಇದು ಹೋಗಲ್ಲ. ಆಮೇಲೆ ಅದೇ ಲ್ಯಾಪ್‌ಟಾಪ್‌ನ ರೂಟರ್ ಹತ್ರ ತಂದು ಕೇಬಲ್ ಚುಚ್ಚಿ ಮತ್ತೆ ನೋಡಿ, ಒಂದು ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಕಮ್ಮಿ ಅಲ್ಲಾಡದೆ ಬರ್ತಿರತ್ತೆ. ಈ ಎರಡು ನಂಬರ್ ಪಕ್ಕಪಕ್ಕ ಇಟ್ಕೊಂಡ್ರೆ ಅರ್ಧ ನಿರ್ಧಾರ ಅಲ್ಲೇ ಆಗೋಗತ್ತೆ.

ಎಕ್ಸ್‌ಬಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋದ್ರೆ ಪ್ಯಾಕೆಟ್ ಲಾಸ್ (ದಾರೀಲಿ ಕಳೆದುಹೋದ ಪ್ಯಾಕೆಟ್), ಲೇಟೆನ್ಸಿ (ಹೋಗಿ ಬರೋಕೆ ಹಿಡಿಯೋ ಟೈಮ್) ಎರಡನ್ನೂ ಅದೇ ತೋರಿಸತ್ತೆ. ಪಿಎಸ್ 5ರ ಟೆಸ್ಟ್ ಸ್ಪೀಡನ್ನೂ ನ್ಯಾಟ್ ಟೈಪನ್ನೂ (ಬೇರೆ ಆಟಗಾರರ ಕನ್ಸೋಲ್ ನಿಮ್ಮದಕ್ಕೆ ಎಷ್ಟು ಸಲೀಸಾಗಿ ಕನೆಕ್ಟ್ ಆಗತ್ತೆ ಅನ್ನೋದು) ಮಾತ್ರ ಹೇಳತ್ತೆ, ಅದಕ್ಕೇ ಲ್ಯಾಪ್‌ಟಾಪ್ ಬೇಕು ಅಂದಿದ್ದು.

ನಿಮ್ಮ ಹತ್ರ ಯಾವ ಕನ್ಸೋಲ್ ಇದೆ

ವೈಫೈ ಹೆಚ್ಚಾಗಿ ಓಡೋದು ಎರಡು ಬ್ಯಾಂಡಲ್ಲಿ, ಗಿಜಿಗುಡೋ 2.4 ಗಿಗಾಹರ್ಟ್ಸ್ ಒಂದು, ಅದಕ್ಕಿಂತ ವೇಗದ 5 ಗಿಗಾಹರ್ಟ್ಸ್ ಇನ್ನೊಂದು. 2013ರ ಮೊದಲ ಪಿಎಸ್ 4ಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಇರೋದು, 5 ಗಿಗಾಹರ್ಟ್ಸ್ ಸಿಗೋದೇ ಇಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಅದನ್ನ ತಗೊಂಡವರು ಯೋಚ್ನೇನೇ ಮಾಡ್ಬೇಡಿ, ಕೇಬಲ್ ಹಾಕಿ, ಅದರ ಲ್ಯಾನ್ ಪೋರ್ಟ್ ಗಿಗಾಬಿಟ್ಟೇ (1000 ಎಂಬಿಪಿಎಸ್) ಇದೆ. ಆಮೇಲೆ ಬಂದ ಸ್ಲಿಮ್ ಮತ್ತು ಪ್ರೋಗೆ 5 ಗಿಗಾಹರ್ಟ್ಸ್ ಸಿಗತ್ತೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಮತ್ತು ಎಕ್ಸ್‌ನಲ್ಲಿ ವೈಫೈ 5 (ಇದು ವೈಫೈ ಪೀಳಿಗೆಯ ನಂಬರ್, 5 ಗಿಗಾಹರ್ಟ್ಸ್ ಅಲ್ಲ), ಪಿಎಸ್ 5ರಲ್ಲಿ ಅದಕ್ಕಿಂತ ಹೊಸ ವೈಫೈ 6, ಮೂರರಲ್ಲೂ ಗಿಗಾಬಿಟ್ ಲ್ಯಾನ್ ಇದೆ. ನಿಂಟೆಂಡೊ ಸ್ವಿಚ್‌ನ ಹಳೇ ಡಾಕ್‌ಗೆ ಲ್ಯಾನ್ ಪೋರ್ಟ್ ಇಲ್ಲ, ಯುಎಸ್‌ಬಿ ಅಡಾಪ್ಟರ್ ಬೇಕು, 2021ರ ಒಎಲ್ಇಡಿ ಮಾಡೆಲ್‌ನ ಡಾಕ್‌ಗೆ ಪೋರ್ಟ್ ಕೊಟ್ಟಿದ್ದಾರೆ.

ಆಡೋದು ಬರೀ ಕಥೆ ಇರೋ ಸಿಂಗಲ್ ಪ್ಲೇಯರ್ ಗೇಮ್ ಆಗಿದ್ರೆ ವೈಫೈ ಸಾಕು, ಡೌನ್‌ಲೋಡ್ ರಾತ್ರಿ ಹಾಕಿ ಮಲ್ಕೊಳ್ಳಿ. ಫುಟ್‌ಬಾಲ್, ಶೂಟಿಂಗ್, ಫೈಟಿಂಗ್ ಆಟ ಆನ್‌ಲೈನಲ್ಲಿ ಆಡೋರಿಗೇ ಕೇಬಲ್ ಮುಖ್ಯ ಆಗೋದು.

ಇನ್ನು ಮನೆ ನೋಡಿ

ರೂಟರ್ರೂ ಟಿವೀನೂ ಒಂದೇ ಹಾಲಲ್ಲಿದ್ರೆ ಚರ್ಚೆ ಬೇಡ, ಕೇಬಲ್. ಮಧ್ಯ ಒಂದು ಇಟ್ಟಿಗೆ ಗೋಡೆ ಇದ್ರೆ 5 ಗಿಗಾಹರ್ಟ್ಸ್ ಸುಮಾರಾಗಿ ದಾಟತ್ತೆ, ಎರಡಾದ್ರೆ ಸೊರಗತ್ತೆ. ಡ್ಯೂಪ್ಲೆಕ್ಸ್ ಮನೇಲಿ ಕೆಳಗೆ ರೂಟರ್, ಮೇಲೆ ಹುಡುಗರ ರೂಮು ಅಂದ್ರೆ ಮಧ್ಯ ಆರ್‌ಸಿಸಿ ಸ್ಲ್ಯಾಬು, ಒಳಗೆ ಕಬ್ಬಿಣದ ಜಾಲ, ಅಲ್ಲಿ ವೈಫೈ ನಂಬ್ಕೊಳ್ಳೋಕಾಗಲ್ಲ. ಕರಾವಳಿ ಕಡೆ ಹಳೇ ಮನೆಗಳ ಕೆಂಪುಕಲ್ಲಿನ ದಪ್ಪ ಗೋಡೆ ಕೂಡ ಹಾಗೇನೇ. ರೂಟರನ್ನ ಚಪ್ಪಲಿ ಸ್ಟ್ಯಾಂಡ್ ಒಳಗೋ ಟಿವಿ ಹಿಂದೆಯೋ ಮುಚ್ಚಿಟ್ಟಿದ್ರೆ ಮೊದ್ಲು ಅದನ್ನ ಎದೆಮಟ್ಟದ ಎತ್ತರಕ್ಕೆ ತೆರೆದ ಜಾಗದಲ್ಲಿಟ್ಟು ಮತ್ತೆ ಅಳೀರಿ.

ಕೇಬಲ್ ಎಳೆಯೋದು

ಲ್ಯಾನ್ ಕೇಬಲ್‌ನ ದರ್ಜೆ ನೋಡಿ ಕ್ಯಾಟ್ 6 ತಗೊಳ್ಳಿ, ಕ್ಯಾಟ್ 5ಇ ಆದ್ರೂ ಗಿಗಾಬಿಟ್‌ಗೆ ಸಾಕು, ಎರಡೂ 100 ಮೀಟರ್ ತನಕ ಎಳೀಬೋದು. ಕ್ಯಾಟ್ 8 ಅಂತ ಜಾಸ್ತಿ ದುಡ್ಡು ಕೇಳಿದ್ರೆ ಕೊಡ್ಬೇಡಿ, ಕನ್ಸೋಲ್‌ನ ಪೋರ್ಟೇ ಗಿಗಾಬಿಟ್ ಆಗಿರೋವಾಗ ಅದರಿಂದ ಏನೂ ಸಿಗಲ್ಲ. ಕೇಳ್ಬೇಕಾಗಿರೋದು ತಾಮ್ರ ಪೂರ್ತಿ ಇದೆಯಾ ಅಂತ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಹಾಕಿರೋ ಸಿಸಿಎ ಕೇಬಲ್ ಅಗ್ಗಕ್ಕೆ ಸಿಗತ್ತೆ, ಬಗ್ಗಿಸಿದ್ರೆ ಬೇಗ ಮುರಿಯತ್ತೆ. ಬೆಂಗಳೂರಲ್ಲಿರೋರಿಗೆ ಎಸ್‌ಪಿ ರೋಡಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ತುದಿಗೆ ಆರ್‌ಜೆ 45 ಪ್ಲಗ್ ಒತ್ತಿ ಕೂರಿಸಿ, ಅಂದ್ರೆ ಕ್ರಿಂಪ್ ಮಾಡಿ ಕೊಡ್ತಾರೆ.

ಸ್ವಂತ ಮನೆ ಆದ್ರೆ ಎಲೆಕ್ಟ್ರಿಷಿಯನ್ ಸ್ಪ್ರಿಂಗ್ ಹಾಕಿ ಪೈಪಲ್ಲಿ ಎಳ್ಕೊಡ್ತಾನೆ, ಆದ್ರೆ ಕರೆಂಟ್ ವೈರ್ ಇರೋ ಪೈಪಲ್ಲೇ ಲ್ಯಾನ್ ಹಾಕಿಸ್ಬೇಡಿ, 230 ವೋಲ್ಟ್ ಪಕ್ಕ ಅದು ಇರಬಾರ್ದು, ಕೇಬಲ್ ಟಿವಿಗೆ ಅಂತ ಹಾಕಿರೋ ಹಳೇ ಪೈಪ್ ಖಾಲಿ ಇದ್ರೆ ಅದನ್ನ ಬಳಸಿ. ಬಾಡಿಗೆ ಮನೇಲಿ ಓನರ್ ಡ್ರಿಲ್ ಮಾಡೋಕೆ ಬಿಡಲ್ಲ, ಅಡ್ವಾನ್ಸಲ್ಲಿ ಹಿಡ್ಕೊಳ್ತಾರೆ ಅನ್ನೋ ಚಿಂತೆ ಇದ್ರೆ ಅಂಟಿಸೋ ಕ್ಲಿಪ್ ತಗೊಂಡು ಸ್ಕರ್ಟಿಂಗ್ ಟೈಲ್ ಮೇಲಂಚಲ್ಲಿ ಓಡಿಸಿ. ಬಾಗಿಲು ಬಂದಲ್ಲಿ ಚೌಕಟ್ಟಿನ ಸುತ್ತ ಮೇಲಿಂದ ತನ್ನಿ, ಕೆಳಗೆ ಬಿಟ್ರೆ ಬಾಗಿಲು ಹಾಕೋವಾಗ ದಿನಾ ಜಜ್ಜತ್ತೆ.

ಚುಚ್ಚಿದ ಮೇಲೆ ಎಕ್ಸ್‌ಬಾಕ್ಸ್ ತಾನಾಗೇ ಕೇಬಲ್ಲಿಗೆ ಬರತ್ತೆ, ಪಿಎಸ್ 5ರಲ್ಲಿ ಸೆಟ್ ಅಪ್ ಇಂಟರ್ನೆಟ್ ಕನೆಕ್ಷನ್ ಒಳಗೆ ಹೋಗಿ ವೈರ್ಡ್ ಲ್ಯಾನ್ ಆರಿಸ್ಕೊಳ್ಳಿ. ಪ್ಲಾನ್ 200 ಇದ್ದೂ ಸ್ಪೀಡ್ 94ರ ಹತ್ರ ನಿಂತೋದ್ರೆ ಕನ್ಸೋಲ್‌ನ ದೂರ್ಬೇಡಿ. ಕೇಬಲ್ ಒಳಗೆ ನಾಲ್ಕು ಜೋಡಿ ಎಳೆ ಇರತ್ತೆ, ಗಿಗಾಬಿಟ್‌ಗೆ ನಾಲ್ಕೂ ಬೇಕು, ಒಂದು ಎಳೆ ಕಚ್ಚದಿದ್ರೂ ಲಿಂಕ್ 100ಕ್ಕೆ ಇಳಿಯಬೋದು. ಕ್ರಿಂಪ್ ಮಾಡಿರೋ ತುದಿ ಬೆಳಕಿಗೆ ಹಿಡಿದು ನೋಡಿ, ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು ಈ ಸಾಲು ಎರಡೂ ತುದೀಲಿ ಒಂದೇ ಥರ ಇದ್ದು ಎಂಟೂ ಎಳೆ ಪಿನ್ ತನಕ ಮುಟ್ಟಿರ್ಬೇಕು. ಅದು ಸರಿ ಇದ್ರೆ ರೂಟರ್‌ನ ಪೋರ್ಟ್ ನೋಡಿ, ಫೈಬರ್ ಕಂಪ್ನಿಯವರು ಕೊಡೋ ಎಷ್ಟೋ ಡಬ್ಬಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100.

ಕೇಬಲ್ ಎಳೆಯೋಕೆ ಆಗೋದೇ ಇಲ್ಲಾಂದ್ರೆ

2.4 ಮತ್ತು 5ಕ್ಕೆ ಬೇರೆ ಬೇರೆ ಹೆಸರಿಟ್ಟು ಕನ್ಸೋಲನ್ನ 5ಕ್ಕೆ ಮಾತ್ರ ಕಟ್ಟಿ. 2.4ರಲ್ಲೇ ಇರ್ಬೇಕಾದ್ರೆ ಚಾನಲ್ 1, 6, 11ರಲ್ಲಿ ಯಾವುದು ಖಾಲಿಯೋ ಅದನ್ನ ಹಾಕಿ, ಮೈಕ್ರೋವೇವೂ ಬ್ಲೂಟೂತೂ ಓಡೋದು ಅದೇ ಬ್ಯಾಂಡಲ್ಲಿ ಅನ್ನೋದು ನೆನಪಿರಲಿ. ಅಗ್ಗದ ರಿಪೀಟರ್ ಬೇಡ, ಅದು ಬಂದಿದ್ದನ್ನ ಅದೇ ಗಾಳೀಲಿ ಇನ್ನೊಂದ್ಸಲ ಕಳಿಸತ್ತೆ, ಪಿಂಗ್ ಇನ್ನೂ ಕುಣಿಯತ್ತೆ. ಮೆಶ್, ಅಂದ್ರೆ ಒಂದೇ ನೆಟ್‌ವರ್ಕ್ ಆಗಿ ಕೆಲಸ ಮಾಡೋ ಎರಡು ಮೂರು ವೈಫೈ ಡಬ್ಬ ಹಾಕೋದಾದ್ರೆ ಒಂದು ಡಬ್ಬ ಟಿವಿ ಹತ್ರ ಇಟ್ಟು ಅಲ್ಲಿಂದ ಕನ್ಸೋಲ್‌ಗೆ ಚಿಕ್ಕ ಕೇಬಲ್ ಕೊಡಿ. ಕರೆಂಟ್ ವೈರಲ್ಲೇ ನೆಟ್ ಕಳಿಸೋ ಪವರ್‌ಲೈನ್ ಅಡಾಪ್ಟರ್ ಕೂಡ ಇದೆ, ತ್ರೀ ಫೇಸ್ ಮನೇಲಿ ಎರಡು ಪ್ಲಗ್ ಬೇರೆ ಬೇರೆ ಫೇಸಲ್ಲಿದ್ರೆ ಕೈ ಕೊಡತ್ತೆ, ವಾಪಸ್ ತಗೊಳ್ಳೋ ಅಂಗಡೀಲೇ ತಗೊಳ್ಳಿ.

ಕೇಬಲ್‌ನಿಂದ ಆಗದೇ ಇರೋದೂ ಇದೆ

ಸರ್ವರ್ ಸಿಂಗಾಪುರದಲ್ಲಿದ್ರೆ ಬೆಂಗಳೂರಿಂದ ಅದು ನೇರ ಗೆರೇಲೇ ಮೂರು ಸಾವಿರ ಕಿಲೋಮೀಟರ್ ಮೇಲೆ, ಫೈಬರಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗತ್ತೆ, ಹೋಗಿ ಬರೋಕೇ 30 ಮಿಲಿಸೆಕೆಂಡ್ ಮೇಲೆ ಬೇಕು. ಗೇಮ್ ಸೆಟ್ಟಿಂಗಲ್ಲಿ ಮುಂಬೈ ಸರ್ವರ್ ಇದ್ರೆ ಅದನ್ನೇ ಆರಿಸಿ. ಜಿಯೋ ಏರ್‌ಫೈಬರ್ ಥರದ 5ಜಿ ಕನೆಕ್ಷನ್ ಇರೋರಿಗೆ ಟವರ್ ತನಕದ ದಾರಿ ವೈರ್‌ಲೆಸ್ಸೇ, ಒಳಗೆ ಕೇಬಲ್ ಹಾಕಿದ್ರೆ ಒಂದು ಗಾಳಿದಾರಿ ಕಮ್ಮಿ ಆಗತ್ತೆ ಅಷ್ಟೆ. ನ್ಯಾಟ್ ಟೈಪ್ 3 ಅಥವಾ ಸ್ಟ್ರಿಕ್ಟ್ ಬಂದು ಫ್ರೆಂಡ್ಸ್ ಪಾರ್ಟಿಗೆ ಸೇರೋಕಾಗ್ತಿಲ್ಲ ಅಂದ್ರೆ ಹೆಚ್ಚಾಗಿ ಒಂದೇ ಐಪಿ ಅಡ್ರೆಸ್ಸನ್ನ ಇಂಟರ್ನೆಟ್ ಕಂಪ್ನಿ ಹಲವು ಮನೆಗೆ ಹಂಚಿರತ್ತೆ, ಸಿಜಿನ್ಯಾಟ್ ಅಂತಾರೆ ಅದನ್ನ, ಫೋನ್ ಮಾಡಿ ನಿಮಗೇ ಅಂತ ಒಂದು ಪಬ್ಲಿಕ್ ಐಪಿ ಕೇಳಿ. ಮನೇಲಿ ಯಾರದ್ದೋ ಫೋನು ರಾತ್ರಿ ಫೋಟೋ ಬ್ಯಾಕಪ್ ಮಾಡ್ತಾ ಅಪ್‌ಲೋಡ್ ತುಂಬಿಸಿಬಿಟ್ರೆ ಕೇಬಲ್ ಇದ್ರೂ ಪಿಂಗ್ ಏರತ್ತೆ, ರೂಟರ್‌ನಲ್ಲಿ ಯಾರಿಗೆ ಮೊದಲ ಸರದಿ ಅಂತ ಹೇಳೋ ಕ್ಯೂಒಎಸ್ ಸೆಟ್ಟಿಂಗಲ್ಲಿ ಕನ್ಸೋಲ್‌ಗೆ ಮೊದಲ ಜಾಗ ಕೊಡಿ.

ಕೆಲವು ಏರಿಯಾಗಳಲ್ಲಿ ಇನ್ನೂ ಫೈಬರ್ ಮನೆ ತನಕ ಬಂದಿಲ್ಲ, ಟೆರೇಸ್ ಮೇಲೆ ಇಟ್ಟಿರೋ, ಹಲವು ಮನೆಗೆ ನೆಟ್ ಹಂಚೋ ಸ್ವಿಚ್ ಅನ್ನೋ ಡಬ್ಬದಿಂದ ತಾಮ್ರದ ಲ್ಯಾನ್ ವೈರೇ ಗೋಡೆ ಮೇಲೆ ಇಳಿದು ಬಂದಿರತ್ತೆ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಆ ವೈರಲ್ಲಿ ಏಟು ಬಂದು ರೂಟರ್ ದಾಟಿ ಕನ್ಸೋಲ್‌ನ ಪೋರ್ಟೂ ಸುಡಬೋದು. ಅಂಥ ಮನೆಯವರು ಮೋಡ ಕಟ್ಟಿದ ತಕ್ಷಣ ಹೊರಗಿಂದ ಬರೋ ವೈರ್ ರೂಟರ್‌ನಿಂದ ಕಿತ್ತಿಡಿ, ಮಕ್ಕಳಿಗೂ ಯಾವ ವೈರು ಅಂತ ತೋರಿಸಿಡಿ. ಗುಡುಗು ಶುರುವಾಗಿಬಿಟ್ಟಿದ್ರೆ ಮಾತ್ರ ವೈರ್ ಮುಟ್ಟೋಕೆ ಹೋಗ್ಬೇಡಿ.