ಗೊಟ್ಟದ ಮದ್ದಿಗೂ ಒಂದು ಕಡತ

ಶಿರಸಿ, ಸಿದ್ದಾಪುರ ಕಡೆಯ ಹಳ್ಳಿಗಳಲ್ಲಿ ದನ ನೋಡುವ ಪಶುವೈದ್ಯ ನಾನು. ಇಲ್ಲಿ ಯಾವ ಕೊಟ್ಟಿಗೆಗೂ ಡಾಕ್ಟರು ಮೊದಲು ಕಾಲಿಡುವುದಿಲ್ಲ, ಕಷಾಯ ಕಾಲಿಟ್ಟಿರುತ್ತದೆ. ಹೊಟ್ಟೆ ಉಬ್ಬರಕ್ಕೆ ಶುಂಠಿ, ಓಮ, ಇಂಗು. ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ. ಕರು ಹಾಕಿದ ಮೇಲೆ ಕಸ (ಮಾಸು) ಬೀಳದಿದ್ದರೆ ಯಾವುದೋ ಬೇರು. ಇದರ ಮೇಲೆ ನನಗೆ ಸಿಟ್ಟಿಲ್ಲ. ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ಕೆಚ್ಚಲಿಗೆ ಹಚ್ಚುವುದನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಹೇಳಿಕೊಡುತ್ತದೆ, ನಾನೂ ಹೇಳಿಕೊಡುತ್ತೇನೆ. ನನ್ನ ತಕರಾರು ಬೇರೆ. ಇಂಜೆಕ್ಷನ್ ಕೊಟ್ಟ ಆಕಳ ಮೈಮೇಲೆ ದದ್ದು ಎದ್ದರೆ ಊರಿಗೆಲ್ಲ ಸುದ್ದಿಯಾಗುತ್ತದೆ. ಕಷಾಯ ಕುಡಿದ ಆಕಳು ಮರುದಿನ ಮಲಗಿದರೆ ಅದನ್ನು ರೋಗದ ಲೆಕ್ಕಕ್ಕೆ ಬರೆದು ಮರೆಯುತ್ತಾರೆ. ಇಂಥವನ್ನು ನಾನು ಕೆಲವು ವರ್ಷಗಳಿಂದ ಬರೆದಿಡುತ್ತಿದ್ದೇನೆ. ಬರೆದದ್ದು ಹೇಗೆ, ಅದನ್ನು ಕಳಿಸಿದ್ದು ಎಲ್ಲಿಗೆ ಎಂಬುದನ್ನು ಇತರ ಪಶುವೈದ್ಯರಿಗೂ ಹೈನುಗಾರರಿಗೂ ಹೇಳೋಣ ಅನಿಸಿತು.

ತೊಡಕು ಶುರುವಾಗುವುದೇ ಪ್ರಶ್ನೆ ಕೇಳುವಲ್ಲಿ. “ಮನೆಯಲ್ಲಿ ಏನಾದರೂ ಕೊಟ್ಟಿದ್ರಾ?” ಎಂದರೆ “ಎಂತೂ ಕೊಟ್ಟಿದ್ದಿಲ್ಲೆ ಡಾಕ್ಟ್ರೇ” ಎಂಬ ಉತ್ತರ ಸಿದ್ಧವಿರುತ್ತದೆ. ಅದೇ ಹೊತ್ತಿಗೆ ಕಂಬಕ್ಕೆ ಒರಗಿಸಿಟ್ಟ, ಮದ್ದು ಕುಡಿಸುವ ಬಿದಿರಿನ ಗೊಟ್ಟದ ತುದಿಯಲ್ಲಿ ಹಸಿರು ರಸ ಇನ್ನೂ ಆರಿರುವುದಿಲ್ಲ. ಸುಳ್ಳು ಹೇಳುವ ಜನವಲ್ಲ, ಬೈಸಿಕೊಳ್ಳುವ ಭಯ ಅಷ್ಟೇ. ನಮ್ಮಲ್ಲಿ ಬೈಯುವ ಡಾಕ್ಟರುಗಳಿಗೆ ಬರಗಾಲವೂ ಇಲ್ಲ. ಮದ್ದು ಕೊಟ್ಟ ನಾಟಿ ವೈದ್ಯರು ಬಹಳ ಸಲ ನೆಂಟರೇ ಆಗಿರುತ್ತಾರೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಪಶುವೈದ್ಯ ವೃತ್ತಿ ನಡೆಸುವಂತಿಲ್ಲ. ಹಾಗಾಗಿ ಕಾಗದದಲ್ಲಿ ಹೆಸರು ಬಂದರೆ ಅವರಿಗೆ ಕುತ್ತು ಬಂದೀತು ಎಂದು ಮನೆಯವರು ಅಂಜುತ್ತಾರೆ. ವೈದ್ಯರ ಹೆಸರು ಬರೆಯುವುದಿಲ್ಲ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ, ಬರೆಯುವುದೂ ಇಲ್ಲ. ಆಮೇಲೆ “ಹೆಗಡೇರೆ, ಗೊಟ್ಟ ಹಾಕಿದ್ದು ನಿನ್ನೆ ರಾತ್ರಿಯೋ, ಇವತ್ತು ಬೆಳಿಗ್ಗೆಯೋ?” ಎಂದು ಕೇಳಿದರೆ ಹೊತ್ತು, ಪ್ರಮಾಣ, ಸೊಪ್ಪು ಕೊಯ್ದ ಜಾಗ ಎಲ್ಲ ಬರುತ್ತದೆ. ಇನ್ನೊಂದು ವಿಷಯ: ಗೊಟ್ಟ ಹಿಡಿದವರಿಗಿಂತ ಮದ್ದು ರುಬ್ಬಿದವರಿಗೆ ಹೆಚ್ಚು ಗೊತ್ತಿರುತ್ತದೆ. ಆದ್ದರಿಂದ ಅಂಗಳದಲ್ಲಿ ಯಜಮಾನರ ಮಾತು ಮುಗಿದ ಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು “ಅಕ್ಕ, ಎಷ್ಟು ಮೆಣಸು ಹಾಕಿದ್ರಿ?” ಎಂದು ಇನ್ನೊಮ್ಮೆ ಕೇಳುತ್ತೇನೆ.

ಒಂದು ದಾಖಲೆಯನ್ನು ಪೂರ್ತಿ ಹೇಳುತ್ತೇನೆ. ಮಂಗನಕಾಯಿಲೆ ಹರಡುವ ದಿನಗಳಲ್ಲಿ ನಮ್ಮ ಕಡೆ ಅದನ್ನು ಹರಡುವ ಉಣುಗಿನ (ಉಣ್ಣಿಯ) ಭಯ ಜಾಸ್ತಿ. ಬೆಟ್ಟಕ್ಕೆ ಹೋದ ದನದ ಮೈಯಲ್ಲಿ ಉಣುಗು ಮನೆವರೆಗೆ ಬರುತ್ತದಲ್ಲ. ಸಿದ್ದಾಪುರದ ಹತ್ತಿರದ ಒಂದು ಮನೆಯಲ್ಲಿ ಹೊಗೆಸೊಪ್ಪು ಕುದಿಸಿದ ನೀರನ್ನು ದನಗಳಿಗೆಲ್ಲ ಬಳಿದಿದ್ದರು. ಪ್ರತಿ ವರ್ಷ ಬಳಿಯುತ್ತಿದ್ದದ್ದೇ, ಯಾವತ್ತೂ ಏನೂ ಆಗಿರಲಿಲ್ಲ. ಆ ಸಲ ಎಳೆಗರುವಿಗೂ ಬಳಿದರು. ನಾನು ಹೋದಾಗ ಕರುವಿನ ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿತ್ತು. ತೊಡೆಯ ಮಾಂಸಖಂಡ ಅದರುತ್ತಿತ್ತು, ನಿಲ್ಲಿಸಿದರೆ ಹಿಂಗಾಲು ಕುಸಿಯುತ್ತಿತ್ತು. ಪಕ್ಕದಲ್ಲಿದ್ದ ತಾಯಿ ಆಕಳ ಬಾಯಲ್ಲೂ ಜೊಲ್ಲು, ಅದು ಕರುವನ್ನು ನೆಕ್ಕಿತ್ತು. ನಿಕೋಟಿನ್ ಚರ್ಮದಿಂದಲೇ ಒಳಗೆ ಇಳಿಯುತ್ತದೆ, ಅದಕ್ಕೆ ಹೇಳಿ ಮಾಡಿಸಿದ ಪ್ರತಿವಿಷವೂ ಇಲ್ಲ. ಸಾಬೂನು ಹಾಕಿ ಕೊಡಗಟ್ಟಲೆ ನೀರಲ್ಲಿ ತೊಳೆಸಿದೆ, ತಾಯಿಯನ್ನು ದೂರ ಕಟ್ಟಿಸಿದೆ, ಜೊಲ್ಲು ಮತ್ತು ಉಸಿರಾಟ ನೋಡಿಕೊಂಡು, ಜೊಲ್ಲು ತಗ್ಗಿಸುವ ಅಟ್ರೋಪಿನ್ ಕೊಟ್ಟೆ. ಕರು ಉಳಿಯಿತು.

ಆದರೆ “ಹೊಗೆಸೊಪ್ಪಿನಿಂದ ವಿಷ” ಎಂದು ಒಂದು ಸಾಲು ಗೀಚಿಟ್ಟರೆ ಯಾರಿಗೂ ಉಪಯೋಗವಿಲ್ಲ. ನಾನು ಬರೆದುಕೊಂಡದ್ದು ಹೀಗೆ: ಸೊಪ್ಪು ಎಷ್ಟು, ನೀರು ಎಷ್ಟು, ಕುದಿಸಿದ್ದೋ ನೆನೆಸಿದ್ದೋ, ಬಟ್ಟೆಯಲ್ಲಿ ಒರೆಸಿದ್ದೋ ಮೈಮೇಲೆ ಸುರಿದದ್ದೋ, ಚರ್ಮದಲ್ಲಿ ಗಾಯ ಇತ್ತೋ, ಕರುವಿನ ತೂಕ ಅಂದಾಜು ಎಷ್ಟು, ಬಳಿದ ಎಷ್ಟು ಹೊತ್ತಿಗೆ ಜೊಲ್ಲು ಬಂತು, ತೊಳೆದ ಎಷ್ಟು ಹೊತ್ತಿಗೆ ನಿಂತಿತು. ಕೊನೆಯ ಎರಡಕ್ಕೆ ಬೆಲೆ ಹೆಚ್ಚು. ಹಚ್ಚಿದಾಗ ಬಂದು ತೆಗೆದಾಗ ಹೋಯಿತು ಅಂದರೆ ಮದ್ದಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ತಾಯಿಯನ್ನು ಬಿಟ್ಟರೆ ಅದೇ ಕೊಟ್ಟಿಗೆಯ ಉಳಿದ ದೊಡ್ಡ ದನಗಳಿಗೆ ಏನೂ ಆಗಲಿಲ್ಲ ಎಂಬುದನ್ನೂ ಬರೆದೆ.

ಕಡತ ದಪ್ಪವಾದಂತೆ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಗಿಡಕ್ಕಿಂತ ಹೆಚ್ಚು ಸಲ ತೊಂದರೆ ಕೊಟ್ಟದ್ದು ಕುಡಿಸುವ ರೀತಿ ಮತ್ತು ಅಳತೆ. ಆಕಳ ಮೂಗು ಹಿಡಿದು ತಲೆಯನ್ನು ಸೂರಿನ ಕಡೆ ಎತ್ತಿ, ನಾಲಗೆ ಹೊರಗೆಳೆದು ಗೊಟ್ಟ ಬಗ್ಗಿಸಿದರೆ ಅದು ನುಂಗುವುದು ಹೇಗೆ? ಕಷಾಯ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದೆರಡು ದಿನ ಬಿಟ್ಟು ಜ್ವರ, ಕೆಮ್ಮು, ಉಸಿರಲ್ಲಿ ಕೊಳೆತ ವಾಸನೆ. ಅಷ್ಟರಲ್ಲಿ ಗೊಟ್ಟದ ನೆನಪು ಎಲ್ಲರಿಗೂ ಹಾರಿರುತ್ತದೆ, ಎಲ್ಲ ಮಳೆಯ ಥಂಡಿಯ ತಲೆಗೆ. ಶುಂಠಿ ಕಷಾಯದ್ದು ಇದರಲ್ಲಿ ತಪ್ಪೇನಿಲ್ಲ. ಈಗ ಹೋದಲ್ಲೆಲ್ಲ ಹೇಳುತ್ತೇನೆ: ತಲೆ ಬೆನ್ನಿನ ಮಟ್ಟಕ್ಕಿಂತ ಮೇಲೆ ಹೋಗಬಾರದು, ನಾಲಗೆ ಎಳೆಯಬಾರದು, ಗುಟುಕು ಗುಟುಕಾಗಿ ಬಿಡಬೇಕು, ಕೆಮ್ಮಿದರೆ ನಿಲ್ಲಿಸಬೇಕು. ಆದಷ್ಟೂ ಬೆಲ್ಲದಲ್ಲಿ ಕಲಸಿ ಉಂಡೆ ಮಾಡಿ ಕೊಟ್ಟರೆ ಈ ರಗಳೆಯೇ ಇಲ್ಲ.

ಅಳತೆಯದು ಇನ್ನೊಂದು ಕತೆ. ಹಿರಿಯ ನಾಟಿ ವೈದ್ಯರೊಬ್ಬರು ಒಂದು ಬೇರನ್ನು “ಅಡಿಕೆ ಗಾತ್ರ” ಕೊಡಿ ಎನ್ನುತ್ತಿದ್ದರು. ಹಸಿ ಅಡಿಕೆಯೋ, ಒಣಗಿಸಿ ಸುಲಿದ ಚಾಲಿಯೋ? ಅವರ ಮನಸ್ಸಿನಲ್ಲಿದ್ದದ್ದು ಚಾಲಿ, ಕೇಳಿಸಿಕೊಂಡವರು ಸಿಪ್ಪೆ ಸಮೇತದ ಹಸಿ ಅಡಿಕೆಯಷ್ಟು ತೇದಿದ್ದರು. ಅದರ ಮೇಲೆ ದನದ ತೂಕ. ಮಿಶ್ರತಳಿ ಜರ್ಸಿ ಮುನ್ನೂರು ಕಿಲೋ ದಾಟುತ್ತದೆ, ನಮ್ಮ ಮಲೆನಾಡು ಗಿಡ್ಡ ನೂರರ ಆಸುಪಾಸು. ಮೊಬೈಲಿನಲ್ಲಿ ಬಂದ ಪಾಕವನ್ನು ಹಾಗೇ ಗಿಡ್ಡಕ್ಕೆ ಹಾಕಿದರೆ ಅದು ಮೂರು ಪಟ್ಟು. ಅರಿಶಿನವಾದರೆ ದಕ್ಕೀತು. ಕಾಸರಕವಾದರೆ? ಕರಾವಳಿ ಗುಡ್ಡಗಳ ತುಂಬ ಇರುವ ಮರ ಅದು, ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಕಡು ವಿಷ. ಮಳೆಗಾಲದಲ್ಲಿ ಬೇಲಿ ಮೇಲೆ ಬೆಂಕಿಬಣ್ಣಕ್ಕೆ ಅರಳುವ ಗೌರಿ ಹೂವಿನ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಇನ್ನೊಂದು ವಿಷ. ಕಸ ಬೀಳಲೆಂದು ಅದನ್ನು ಹೊಟ್ಟೆಗೆ ಕೊಟ್ಟರೆ ಅದರ ಭೇದಿ ತಡವಾಗಿ ಶುರುವಾಗುತ್ತದೆ, ಆಗ ಯಾರೂ ಗಡ್ಡೆಯನ್ನು ಶಂಕಿಸುವುದಿಲ್ಲ. “ಅಡಿಕೆ ಗಾತ್ರ” ಎಂದ ಆ ನಾಟಿ ವೈದ್ಯರು ದೊಡ್ಡ ಮನಸ್ಸಿನವರು. ತಮ್ಮ ಚೀಲದಲ್ಲಿದ್ದದ್ದನ್ನೆಲ್ಲ ನನ್ನ ಮುಂದೆ ತಕ್ಕಡಿಗೆ ಹಾಕಿದರು, ಗ್ರಾಂ ಲೆಕ್ಕ ಅವರಿಗೂ ಸಿಕ್ಕಿತು, ನನಗೂ ಸಿಕ್ಕಿತು.

ಹಾಗಂತ ಎಲ್ಲವನ್ನೂ ಮದ್ದಿನ ತಲೆಗೆ ಕಟ್ಟಿದರೆ ಕಡತ ಚಾಡಿಪುಸ್ತಕವಾಗುತ್ತದೆ. ಒಬ್ಬರು ಲಿವರ್ ಟಾನಿಕ್ ಬಾಟಲಿ ಹಿಡಿದು ಬಂದರು. “ಇದು ಕುಡಿಸಿದ ಮೇಲೆ ಆಕಳ ಕಣ್ಣು ಹಳದಿ ಆಯ್ದು, ಮೂತಿ ಸುಲೀತು.” ಹೋಗಿ ನೋಡಿದರೆ ಮೈಯ ಬಿಳಿ ಭಾಗದ ಚರ್ಮ ಮಾತ್ರ ಬಿಸಿಲಿಗೆ ಸುಟ್ಟಂತೆ ಎದ್ದಿದೆ, ಕಪ್ಪು ಭಾಗ ನೆಟ್ಟಗಿದೆ. ಬೇಸಿಗೆಯ ಕೊನೆ, ಬೆಟ್ಟದಲ್ಲಿ ಹುಲ್ಲಿಲ್ಲ, ಹಸಿರಾಗಿರುವುದು ಲಂಟಾನ ಒಂದೇ. ಅದನ್ನು ತಿಂದರೆ ಯಕೃತ್ತು ಕೆಟ್ಟು ಬಿಳಿ ಚರ್ಮ ಬಿಸಿಲು ತಾಳುವುದಿಲ್ಲ. ಆಕಳು ಮೇವು ಬಿಟ್ಟದ್ದು ಮೊದಲು, ಟಾನಿಕ್ ಕುಡಿಸಿದ್ದು ಆಮೇಲೆ. ಪಶು ಔಷಧಗಳ ಅಡ್ಡಪರಿಣಾಮ ತೂಗಲು ಯುರೋಪಿನಲ್ಲಿ ರೂಢಿಗೆ ಬಂದ ಒಂದು ವಿಂಗಡಣೆ ಇದೆ. ಎ ಅಂದರೆ ಬಹುಮಟ್ಟಿಗೆ ಮದ್ದಿನದೇ, ಬಿ ಅಂದರೆ ಇರಬಹುದು, ಒ ಅಂದರೆ ಹೇಳಲು ಮಾಹಿತಿ ಸಾಲದು, ಎನ್ ಅಂದರೆ ಮದ್ದಿನದಾಗಿರಲಿಕ್ಕಿಲ್ಲ. ಇದನ್ನೇ ನಾನು ಎತ್ತಿಕೊಂಡಿದ್ದೇನೆ. ಲಂಟಾನದ ಆಕಳು ಎನ್, ಹೊಗೆಸೊಪ್ಪಿನ ಕರು ಎ. ನನ್ನ ಪುಟಗಳಲ್ಲಿ ಹೆಚ್ಚಿನವು ಬಿ ಮತ್ತು ಒ. ಮಳೆಗಾಲದಲ್ಲಂತೂ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆದ ತೋಟದ ಹುಲ್ಲು ತಿಂದಿದೆಯೇ ಎಂದು ಕೇಳದೆ ಯಾವ ಅಕ್ಷರವನ್ನೂ ಹಾಕುವುದಿಲ್ಲ, ಮೈಲುತುತ್ತದ ತಾಮ್ರ ಹೊಟ್ಟೆಗೆ ಹೋದರೂ ಯಕೃತ್ತಿಗೇ ಪೆಟ್ಟು.

ಅಂಗಡಿಯ ಬಾಟಲಿಗಳ ವಿಷಯಕ್ಕೆ ಬಂದರೆ ಕಾನೂನು ಇದೆ, ಜನ ತಿಳಿದಷ್ಟು ಸಡಿಲವೂ ಅಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಲ್ಲಿ ಆಯುರ್ವೇದ ಔಷಧದ ವ್ಯಾಖ್ಯೆಯೇ “ಮನುಷ್ಯರ ಅಥವಾ ಪ್ರಾಣಿಗಳ” ಕಾಯಿಲೆಗೆ ಎಂದು ಹೇಳುತ್ತದೆ. ಅಂದರೆ ದನದ ಆಯುರ್ವೇದ ಟಾನಿಕ್ ತಯಾರಿಸಲೂ ಪರವಾನಗಿ ಬೇಕು, ಲೇಬಲ್ ಮೇಲೆ ಬ್ಯಾಚ್ ನಂಬರು ಇರಬೇಕು. ನಿಯಮಗಳ ಇ(1) ಅನುಸೂಚಿಯಲ್ಲಿ ವತ್ಸನಾಭ, ಕಾಸರಕ, ದತ್ತೂರ, ಗುಲಗಂಜಿ, ಭಲ್ಲಾತಕ, ಲಾಂಗಲಿ ಅಂದರೆ ನಮ್ಮ ಗೌರಿ ಹೂವು, ಇವೆಲ್ಲ ವಿಷದ ಪಟ್ಟಿಯಲ್ಲಿವೆ. ಇವುಗಳಲ್ಲಿ ಒಂದನ್ನು ಹೊಟ್ಟೆಗೆ ಕೊಡುವ ಮದ್ದಿನಲ್ಲಿ ಸೇರಿಸಿದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡಬೇಕೆಂಬ ಎಚ್ಚರಿಕೆ ಲೇಬಲ್ಲಿನಲ್ಲಿರಬೇಕು. ಆ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿದ್ದರೆ ಸಾಕಂತೆ. ಬನವಾಸಿಯ ಹೈನುಗಾರ ಅದನ್ನು ಓದಿದಂತೆಯೇ ಸರಿ!

ನಿಜವಾದ ಸಂದು ಇರುವುದು “ಫೀಡ್ ಸಪ್ಲಿಮೆಂಟ್” ಎಂಬ ಹಣೆಪಟ್ಟಿಯಲ್ಲಿ. ಅದೇ ಗಿಡಮೂಲಿಕೆ, ಅದೇ ಆಕಳ ಚಿತ್ರ, ಆದರೆ ಔಷಧವಲ್ಲ, ಪೂರಕ ಆಹಾರ. ಒಂದು ಗರ್ಭಕೋಶದ ಟಾನಿಕ್ ಕೊಟ್ಟ ಮೇಲೆ ಒಂದೇ ಊರಿನ ಬೇರೆ ಬೇರೆ ಮನೆಗಳ ಆಕಳುಗಳಲ್ಲಿ ಭೇದಿ ಕಂಡಾಗ ಬ್ಯಾಚ್ ನಂಬರು ಹಿಡಿದು ಕಂಪನಿಗೆ ಬರೆದೆ. ಪ್ರತಿನಿಧಿ ಬಂದು “ಸರ್, ಇದು ಔಷಧವೇ ಅಲ್ಲ, ಅಡ್ಡಪರಿಣಾಮ ಎಲ್ಲಿಂದ ಬರುತ್ತದೆ?” ಎಂದ. ಹೊಸ ಬಾಟಲಿಗಳ ಪೆಟ್ಟಿಗೆಯನ್ನೂ ತಂದಿದ್ದ. ಪೆಟ್ಟಿಗೆ ವಾಪಸ್ ಕಳಿಸಿ, ಲೇಬಲ್ಲಿನ ಫೋಟೊ ಸಮೇತ ಪರವಾನಗಿ ಕೊಡುವ ಪ್ರಾಧಿಕಾರಕ್ಕೆ ಪತ್ರ ಹಾಕಿದೆ. ಸ್ವೀಕೃತಿ ಬಂದಿದೆ.

ಮದ್ದಿನ ಅಡ್ಡಪರಿಣಾಮ ವರದಿ ಮಾಡಲು ಮನುಷ್ಯರಿಗಾದರೆ ದಾರಿ ಇದೆ. ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮ 2010ರಲ್ಲಿ ಶುರುವಾಯಿತು, ಅದರ ಕೇಂದ್ರ ಗಾಜಿಯಾಬಾದಿನ ಫಾರ್ಮಕೋಪಿಯಾ ಆಯೋಗದಲ್ಲಿದೆ. ಆಯುಷ್ ಔಷಧಗಳಿಗೆ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿ ಬೇರೆ ಕೇಂದ್ರ. ಎರಡರ ಫಾರ್ಮೂ ಮನುಷ್ಯ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ವಯಸ್ಸು, ಲಿಂಗ, ತೂಕ ನನ್ನ ಆಕಳಿಗೂ ಇದೆ, ತಳಿ ಮತ್ತು ದಿನದ ಹಾಲು ಬರೆಯಲು ಜಾಗವಿಲ್ಲ. ಅಮೆರಿಕದಲ್ಲಿ 2001ರಲ್ಲಿ ತಯಾರಕರೇ ಸೇರಿ ಕಟ್ಟಿಕೊಂಡ ನ್ಯಾಷನಲ್ ಅನಿಮಲ್ ಸಪ್ಲಿಮೆಂಟ್ ಕೌನ್ಸಿಲ್ ತನ್ನ ಸದಸ್ಯ ಕಂಪನಿಗಳು ಅಡ್ಡಪರಿಣಾಮಗಳನ್ನು ದಾಖಲಿಸಲೇಬೇಕು ಎನ್ನುತ್ತದೆ. ಕಂಪನಿಗಳೇ ಕಂಪನಿಗಳನ್ನು ಕಾಯುವುದರ ಮೇಲೆ ನನಗೆ ಅಷ್ಟು ಭರವಸೆ ಇಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ದನದ ಔಷಧವನ್ನು ಕೊಟ್ಟ ಮೇಲೂ ಗಮನಿಸದಿದ್ದರೆ ಏನಾಗುತ್ತದೆಂದು ನೋಡಲು ಡೈಕ್ಲೊಫೆನಾಕ್ ಎಂಬ ನೋವಿನ ಮದ್ದೊಂದೇ ಸಾಕು. ಕುತ್ತು ಬಂದದ್ದು ದನಕ್ಕಲ್ಲ, ಸತ್ತ ದನ ತಿಂದ ರಣಹದ್ದುಗಳಿಗೆ. ಪಶುಗಳಿಗೆ ಅದನ್ನು ನಿಲ್ಲಿಸುವ ಕ್ರಮ ಬಂದದ್ದು 2006ರಲ್ಲಿ, ಅಂಥವೇ ಆದ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್ ನಿಂತದ್ದು 2023ರಲ್ಲಿ.

ಕಾರವಾರದ ಗೆಳೆಯರೊಬ್ಬರು ನಾಯಿ, ಬೆಕ್ಕು ನೋಡುತ್ತಾರೆ. ಅಲ್ಲಿ ಗೊಟ್ಟ ಇಲ್ಲ, ಟೀ ಟ್ರೀ ಎಣ್ಣೆಯ ಪುಟ್ಟ ಬಾಟಲಿ ಇದೆ. ಬೆಕ್ಕಿನ ಯಕೃತ್ತಿಗೆ ಇಂಥ ಎಣ್ಣೆಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಕಡಿಮೆ, ಉಣ್ಣಿಗೆಂದು ಕುತ್ತಿಗೆಗೆ ಹಚ್ಚಿದರೆ ನಡುಕ, ತೂಕಡಿಕೆ. ಹುಳಕ್ಕೆಂದು ನಾಯಿಗೆ ಬೆಳ್ಳುಳ್ಳಿ ತಿನ್ನಿಸುವವರೂ ಇದ್ದಾರೆ, ಅದು ಕೆಂಪು ರಕ್ತಕಣ ಒಡೆಯುತ್ತದೆ. ಇಂಥ ದಾಖಲೆಗೆಂದು ನಾನು ಮಾಡಿಕೊಂಡ ಫಾರ್ಮನ್ನೇ ಅವರೂ ಈಗ ತುಂಬುತ್ತಾರೆ.

ಫಾರ್ಮ್ ಒಂದೇ ಪುಟ, ಕನ್ನಡದಲ್ಲೇ ಇದೆ, ಕೆಲವು ಹಾಲಿನ ಡೇರಿಗಳಲ್ಲಿ ಮೊಳೆಗೆ ಸಿಕ್ಕಿಸಿಟ್ಟಿದ್ದೇನೆ. ತುಂಬುವವರಿಗೆ ನನ್ನ ಒತ್ತಾಯ ಎರಡೇ. ಉಳಿದ ಕಷಾಯವನ್ನು ಚೆಲ್ಲಬೇಡಿ, ಮುಚ್ಚಳದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ, ಮೇಲೆ “ವಿಷ, ದನದ ಮದ್ದು” ಎಂದು ಚೀಟಿ ಅಂಟಿಸಿ. ಸೊಪ್ಪನ್ನು ಎಲೆ ಮಾತ್ರವಲ್ಲ, ಹೂವೋ ಕಾಯೋ ಇರುವ ಟೊಂಗೆ ಸಮೇತ ಹಳೆ ಪೇಪರಿನಲ್ಲಿ ಒತ್ತಿಡಿ. ಒಂದೇ ಹೆಸರಿನ ಗಿಡ ಘಟ್ಟದ ಮೇಲೊಂದು, ಕೆಳಗೊಂದು ಇರುತ್ತದೆ.

ಡೇರಿಯಲ್ಲಿ ಹೆಚ್ಚು ಜಗಳ ಹುಟ್ಟುವುದು ಹಾಲಿನ ಬಗ್ಗೆ. ಮದ್ದು ಕೊಟ್ಟ ಮೇಲೆ ಹಾಲನ್ನು ಬಳಸದೆ ಬಿಡಬೇಕಾದ ಅವಧಿ ಪರೀಕ್ಷೆಯಿಂದ ಖಚಿತವಾಗಿಲ್ಲದ ಪಶು ಔಷಧಕ್ಕೆ ಕನಿಷ್ಠ 7 ದಿನ ಎಂದು 2012ರಿಂದ ನಿಯಮವಿದೆ. ಮನೆಮದ್ದಿಗೆ ಅದನ್ನು ಯಾರೂ ಅನ್ವಯಿಸುವುದಿಲ್ಲ. ಅರಿಶಿನ, ಲೋಳೆಸರಕ್ಕೆ ನಾನೂ ಹೇಳುವುದಿಲ್ಲ, ಕೆಚ್ಚಲು ತೊಳೆದು ಕರೆಯಿರಿ ಎನ್ನುತ್ತೇನೆ. ವಿಷದ ಪಟ್ಟಿಯ ಗಿಡವೋ ಹೊಗೆಸೊಪ್ಪೋ ಹೊಟ್ಟೆಗೆ ಹೋಗಿದ್ದರೆ ಮಾತ್ರ ಆ 7 ದಿನವನ್ನೇ ಹಿಡಿಯುತ್ತೇನೆ. “ಏಳು ದಿನದ ಹಾಲಿನ ದುಡ್ಡು ಯಾರು ಕೊಡ್ತ್ರು?” ಎಂದು ಕೇಳುತ್ತಾರೆ. ಕೊಡುವವರು ಯಾರೂ ಇಲ್ಲ. ಅದಕ್ಕೇ ಹೋದ ವರ್ಷ ಫಾರ್ಮಿನಲ್ಲಿ ಇನ್ನೊಂದು ಕಾಲಂ ಸೇರಿಸಿದೆ: ಎಷ್ಟು ಲೀಟರು ಹಾಲು ಡೇರಿಗೆ ಹಾಕಲಿಲ್ಲ. ಎಲ್ಲರೂ ತಪ್ಪದೆ ತುಂಬುವುದು ಆ ಕಾಲಮ್ಮನ್ನೇ.