ವಿಜಯಪುರದಲ್ಲಿ ಹಳೆಯ ಮನೆ ಹುಡುಕುತ್ತಿರುವವರಿಗೆ

ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಮಾರಾಟದ ಹಳೆಯ ಮನೆಗಳನ್ನು ನೋಡುತ್ತ ಕೂರುವುದು ನನಗೂ ಬಲು ಪ್ರೀತಿ. ಸಾಗವಾನಿ ಕಂಬದ ಪಡಸಾಲೆ ಕಂಡರೆ ಮನಸ್ಸು ಅಲ್ಲಿಯೇ ನಿಲ್ಲುತ್ತದೆ. ಆದರೆ ಚಿತ್ರದಲ್ಲಿ ಮೊದಲು ಮಾಳಿಗೆಯ, ಅಂದರೆ ತೊಲೆಗಳ ಮೇಲೆ ಮಣ್ಣು ಹಾಕಿದ ಛಾವಣಿಯ, ಒಳಮೈ ನೋಡಿ. ತೊಲೆ ಗೋಡೆಗೆ ಸೇರುವಲ್ಲಿ ಕಪ್ಪು ಕಲೆಯಿದ್ದರೆ ಮೇಲಿನ ಮಣ್ಣು ಸೋರಿರಬಹುದು, ತೊಲೆಯ ತುದಿಯೂ ಕೊಳೆತಿರಬಹುದು. ಅಂಥ ಮನೆಯನ್ನು ಮಳೆ ಬಂದ ಮರುದಿನವೇ ಹೋಗಿ ನೋಡಿ.

ಗೋಳಗುಮ್ಮಟದಂತಹ ಸಂರಕ್ಷಿತ ಸ್ಮಾರಕಗಳಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿಯೂ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ನಮ್ಮ ಊರಿನಲ್ಲಿ ಇಂಥ ಸ್ಮಾರಕಗಳು ಓಣಿ ಓಣಿಗಳ ನಡುವೆಯೇ ಇವೆ, ಹಾಗಾಗಿ ಮನೆ ಅವುಗಳಿಂದ ಎಷ್ಟು ದೂರವಿದೆ ಎಂದು ನೋಡಿಕೊಳ್ಳಿ.

ಮುಂಗಡ ಕೊಡುವ ಮೊದಲು ಉತಾರ, ಅಂದರೆ ಮನೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ದಾಖಲೆ, ತೆಗೆಸಿ. ವಾಡೆಯಲ್ಲಿ, ಅಂದರೆ ಮನೆತನದ ಹಳೆಯ ದೊಡ್ಡ ಮನೆಯಲ್ಲಿ, ಅಕ್ಕತಂಗಿಯರ ಪಾಲೂ ಇರಬಹುದು, ಪಾಲುದಾರರೆಲ್ಲರ ಸಹಿ ಕೇಳಿ.