ಮಳೆ ಹಿಡಿಯುವ ಮುಂಚೆ ಫ್ಲೂ, ನ್ಯುಮೋನಿಯಾದ ಎರಡು ಸೂಜಿ: ಯಾರಿಗೆ, ಯಾವಾಗ, ಹೇಗೆ?

ನಮ್ಮ ದೊಡ್ಡಪ್ಪ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ದುಡಿದವರು. ಕಾದ ಮರಳು, ಒಲೆಯ ಹೊಗೆ, ಮೇಲೆ ಬೀಡಿ ಬೇರೆ. ಎರಡು ವರ್ಷದ ಹಿಂದೆ ಒಂದು ಕ್ಲಿನಿಕ್ಕಿಗೆ ಹೋಗಿ ‘ಕೆಮ್ಮಿನ ಸೂಜಿ’ ಹಾಕಿಸಿಕೊಂಡು ಬಂದರು. ಚೀಟಿ ನೋಡಿದರೆ ‘ಲಸಿಕೆ ಕೊಟ್ಟಿದೆ’ ಅಂತ ಅಷ್ಟೇ! ಫ್ಲೂನದೋ, ನ್ಯುಮೋನಿಯಾದ್ದೋ? ಈ ವರ್ಷ ಮತ್ತೆ ಬೇಕೋ, ಬೇಡವೋ? ಹೇಳುವವರೇ ಇಲ್ಲ.

ಹಾಗಾಗಿ ಮೊದಲ ಕೆಲಸ, ಎರಡನ್ನೂ ಬೇರೆ ಮಾಡಿಕೊಳ್ಳುವುದು. ಫ್ಲೂ ವೈರಸ್ಸಿನ ಕಾಯಿಲೆ. ಆ ವೈರಸ್ ವರ್ಷಾ ವರ್ಷಾ ವೇಷ ಬದಲಿಸುವುದರಿಂದ ಲಸಿಕೆಯೂ ವರ್ಷಕ್ಕೊಮ್ಮೆ ಬೇಕು. 2009ರಲ್ಲಿ ಹಂದಿಜ್ವರ ಅಂತ ಊರೆಲ್ಲ ಹೆದರಿಸಿದ ಎಚ್1ಎನ್1 ಕೂಡ ಈಗ ಇದೇ ಲಸಿಕೆಯೊಳಗೆ ಬರುತ್ತದೆ. ನ್ಯುಮೋನಿಯಾ ಲಸಿಕೆ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ. ಇದು ಪ್ರತಿ ವರ್ಷ ಬೇಡ. ಬೇರೆ ಕಾರಣದಿಂದ ಬರುವ ನ್ಯುಮೋನಿಯಾವನ್ನು ಇದು ತಡೆಯುವುದಿಲ್ಲ, ಅದೂ ಗೊತ್ತಿರಲಿ. ಫ್ಲೂ ಬಂದು ಶ್ವಾಸಕೋಶ ಸೋತಾಗಲೇ ಈ ಬ್ಯಾಕ್ಟೀರಿಯಾ ಒಳನುಗ್ಗುವುದು ಜಾಸ್ತಿ. ಅದಕ್ಕೇ ಡಾಕ್ಟರು ಎರಡನ್ನೂ ಒಟ್ಟಿಗೆ ಹೇಳುವುದು.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಮನೆಯವರ ಹೆಸರು ಬರೆಯಿರಿ. ವಯಸ್ಸು 65 ದಾಟಿದೆಯಾ? ಎರಡೂ ಬೇಕು. (ನ್ಯುಮೋನಿಯಾ ಲಸಿಕೆಗೆ ಅಮೆರಿಕದವರು 2024ರಲ್ಲಿ ಈ ಗೆರೆಯನ್ನು 50ಕ್ಕೇ ಇಳಿಸಿದ್ದಾರೆ.) ವಯಸ್ಸು ಕಡಿಮೆಯಿದ್ದರೂ ದಮ್ಮು, ಶುಗರ್, ಹೃದಯದ ತೊಂದರೆ, ಕಿಡ್ನಿ ಅಥವಾ ಲಿವರ್ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ ಇದ್ದವರು, ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು ಡಾಕ್ಟರ ಹತ್ತಿರ ಎರಡರ ಬಗ್ಗೆಯೂ ಕೇಳಬೇಕು. ಬೀಡಿ, ಸಿಗರೇಟು ಸೇದುವವರೂ ಈ ಪಟ್ಟಿಯಲ್ಲೇ. ಭಟ್ಟಿ, ಅಕ್ಕಿಗಿರಣಿಯ ಹೊಗೆ, ಧೂಳಿನಲ್ಲಿ ದುಡಿದು ಕೆಮ್ಮು ಅಂಟಿಸಿಕೊಂಡವರು ‘ನನಗೇನಾಗಿದೆ, ಗಟ್ಟಿ ಇದ್ದೀನಿ’ ಅಂತಾರೆ. ಸುಮ್ನೆ ಬಿಡಬೇಡಿ, ಒಮ್ಮೆ ಎದೆ ಪರೀಕ್ಷೆ ಮಾಡಿಸಿ.

ಗರ್ಭಿಣಿಯರು ಯಾವ ತಿಂಗಳಲ್ಲಾದರೂ ಫ್ಲೂ ಸೂಜಿ ಹಾಕಿಸಿಕೊಳ್ಳಬಹುದು. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ, ತಾಯಿಯಿಂದ ಬಂದ ರಕ್ಷಣೆಯೇ ಅದಕ್ಕೆ ಆಸರೆ. ಆರು ತಿಂಗಳು ತುಂಬಿದ ಮೇಲೆ ಹಾಕಿಸಬಹುದು. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರ ಬಿಟ್ಟು ಇನ್ನೊಂದು ಡೋಸ್. ಕೂಸುಗಳಿಗೆ ನ್ಯುಮೋನಿಯಾ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ: 6 ವಾರ, 14 ವಾರ, 9 ತಿಂಗಳಿಗೆ. ತಾಯಿ ಕಾರ್ಡ್ ತೆಗೆದು ನೋಡಿ, ‘ಪಿಸಿವಿ’ ಅಂತ ಬರೆದಿರುತ್ತದೆ. ತಪ್ಪಿಹೋಗಿದ್ದರೆ ಆಶಾ ಅಕ್ಕನನ್ನು ಕೇಳಿ.

ದೊಡ್ಡವರ ನ್ಯುಮೋನಿಯಾ ಲಸಿಕೆಯಲ್ಲಿ ತಲೆ ತಿನ್ನುವುದು ಆ ನಂಬರುಗಳು: 13, 15, 20, 23. ಎಷ್ಟು ಬಗೆಯ ನ್ಯುಮೋಕಾಕಸ್‌ಗೆ ತಡೆ ಅನ್ನುವ ಲೆಕ್ಕ ಅದು. 20ರದ್ದು ಹಾಕಿಸಿದರೆ ಸಾಮಾನ್ಯವಾಗಿ ಒಂದೇ ಸಾಕು. 13 ಅಥವಾ 15ರದ್ದಾದರೆ, ವರ್ಷ ಬಿಟ್ಟು 23ರದ್ದು. ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇದ್ದವರಿಗೆ ಈ ಅಂತರ ಎಂಟು ವಾರಕ್ಕೂ ಇಳಿಯುತ್ತದೆ. ಇದನ್ನು ನೀವೇ ತೀರ್ಮಾನಿಸಬೇಡಿ. ಆದರೆ ‘ಯಾವ ನಂಬರು ಸಾರ್?’ ಅಂತ ಕೇಳಲು ಸಂಕೋಚವೂ ಬೇಡ.

ಫ್ಲೂ ನಮ್ಮ ಕಡೆ ಮಳೆ ಜೊತೆಗೇ ಏರುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ತಲೆ ಎತ್ತುತ್ತದೆ. ಸೂಜಿ ಕೆಲಸ ಶುರು ಮಾಡಲು ಸುಮಾರು ಎರಡು ವಾರ ಬೇಕು. ಹಾಗಾಗಿ ಮೇ ಕೊನೆಯೊಳಗೆ ಮುಗಿಸಿದರೆ ಒಳ್ಳೆಯದು. ತಡವಾದರೂ ಹಾಕಿಸಿ, ನಷ್ಟವೇನಿಲ್ಲ.

ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಮೆಡಿಕಲ್ ಶಾಪಿನಲ್ಲಿ ಕೊಂಡು, ಸ್ಕೂಟರ್ ಡಿಕ್ಕಿಯಲ್ಲಿಟ್ಟು, ದಾರಿಯಲ್ಲಿ ಬೆಣ್ಣೆದೋಸೆ ತಿಂದು ಕ್ಲಿನಿಕ್ಕಿಗೆ ಹೋದರೆ ನಮ್ಮೂರ ಮೇ ಬಿಸಿಲಿಗೆ ಅದು ಕೆಟ್ಟಿರುತ್ತದೆ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದರೂ ಕೆಟ್ಟಂತೆಯೇ. ಸರಿಯಾದ ಫ್ರಿಜ್ ಇಟ್ಟುಕೊಂಡಿರುವ ಕಡೆಯೇ ಹಾಕಿಸಿ.

ಎರಡೂ ಸೂಜಿ ಒಂದೇ ದಿನ ಆಗಬಹುದು, ಒಂದು ಎಡ ರಟ್ಟೆಗೆ, ಒಂದು ಬಲಕ್ಕೆ. ಜೋರು ಜ್ವರ ಇದ್ದರೆ ಮುಂದಕ್ಕೆ ಹಾಕಿ. ಹಿಂದೆ ಯಾವುದಾದರೂ ಲಸಿಕೆಗೆ ಮೈಯೆಲ್ಲ ಊದಿಕೊಂಡಿದ್ದರೆ, ಉಸಿರು ಕಟ್ಟಿದ್ದರೆ ಮೊದಲೇ ಹೇಳಿ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಒಂದೆರಡು ದಿನ ರಟ್ಟೆ ನೋವು, ಸ್ವಲ್ಪ ಮೈ ಬಿಸಿ ಇರಬಹುದು. ಸೂಜಿಯಿಂದಲೇ ಫ್ಲೂ ಬಂತು ಅನ್ನುವವರಿಗೆ ಹೇಳಿ, ಅದರಲ್ಲಿರುವುದು ಸತ್ತ ವೈರಸ್.

ಹೊರಡುವ ಮುಂಚೆ ಖಾಲಿ ಡಬ್ಬಿ ಕೇಳಿ ಇಸಿದುಕೊಳ್ಳಿ. ಹೆಸರು, ಬ್ಯಾಚ್ ನಂಬರು ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಚೀಟಿಯ ಮೇಲೆ ತಾರೀಖು ಹಾಕಿಸಿ. ದೊಡ್ಡಪ್ಪನ ಈ ವರ್ಷದ ಡಬ್ಬಿ ನಮ್ಮ ಮನೆಯ ಕ್ಯಾಲೆಂಡರಿನ ಮೊಳೆಗೇ ನೇತಾಡುತ್ತಿದೆ.